ಹುಟ್ಟಿದ ರೂಪ ಮರೆಯದ ಪ್ಲಾಸ್ಟಿಕ್!

ಕುಡಿದು ಖಾಲಿ ಮಾಡಿದ ನೀರಿನ ಬಾಟಲಿ ಇದೆಯೇ? ಅದೇ, ಬಸ್ ಸ್ಟ್ಯಾಂಡಿನಲ್ಲಿ ಸಿಗುವ ತೆಳು ಪ್ಲಾಸ್ಟಿಕ್ಕಿನದು. ಪಾತ್ರೆ ತೊಳೆಯುವ ತೊಟ್ಟಿಯಲ್ಲಿ ನಿಲ್ಲಿಸಿ. ಅದಕ್ಕೆ ಮರಳುವ ನೀರು ಹುಯ್ಯಿರಿ. ಕೈ ಜೋಪಾನ!

ಏನಾಯಿತು? ಮುದುಡಿತು! ಸೊಂಟ ಒಳಕ್ಕೆ ಹೋಯಿತು, ಎತ್ತರ ಇಳಿಯಿತು, ಬಾಟಲಿ ಕುಗ್ಗಿ ಕುಳಿತೇಬಿಟ್ಟಿತು!

ಕರಗಿತು ಎಂದಿರಾ? ಇಲ್ಲ! ಆ ಪ್ಲಾಸ್ಟಿಕ್ಕಿನ ಹೆಸರು ಪೆಟ್. ಅದು ಕರಗಲು ಸುಮಾರು 250 ಡಿಗ್ರಿ ಶಾಖ ಬೇಕು. ಮರಳುವ ನೀರಿನದು 100 ಡಿಗ್ರಿ. ಆಲೂರು, ಸಕಲೇಶಪುರದಂಥ ಎತ್ತರದ ಊರಿನಲ್ಲಿ ಇನ್ನೂ ಕಡಿಮೆ, 97ರ ಆಸುಪಾಸು. ಕರಗುವ ಮಾತೇ ಇಲ್ಲ!

ಹಾಗಾದರೆ ಏನು ನಡೆಯಿತು? ಊಹಿಸಿ ನೋಡೋಣ. ಒಂದು ಸುಳಿವು ಕೊಡುತ್ತೇನೆ. ಬಾಟಲಿಯ ಕುತ್ತಿಗೆ ನೋಡಿ. ಮುಚ್ಚಳ ತಿರುಗಿಸುವ ಆ ಭಾಗ. ಒಡಲೆಲ್ಲ ಮುದುಡಿದರೂ ಅದು ಹೆಚ್ಚುಕಡಿಮೆ ಹಾಗೇ ಇದೆ. ಯಾಕೆ?

ಯಾಕೆಂದರೆ ಬಾಟಲಿ ಹುಟ್ಟುವಾಗ ಬಾಟಲಿಯಾಗಿರಲಿಲ್ಲ! ಅಂಗೈ ಉದ್ದದ, ದಪ್ಪ ಗೋಡೆಯ, ಪ್ರಯೋಗಶಾಲೆಯ ಪ್ರನಾಳದಂಥ ಒಂದು ಪುಟ್ಟ ಕೊಳವೆಯಾಗಿತ್ತು. ಕಾರ್ಖಾನೆಯವರು ಅದಕ್ಕೆ ಪ್ರಿಫಾರ್ಮ್ ಎನ್ನುತ್ತಾರೆ. ಅದನ್ನು ಬಿಸಿ ಮಾಡಿ, ಒಳಗಿನಿಂದ ಸರಳಿನಿಂದ ಎಳೆದು, ಗಾಳಿ ಊದಿ, ತಟ್ಟನೆ ತಣ್ಣಗಾಗಿಸಿದರು. ಬಾಟಲಿ ಆಯಿತು. ಕುತ್ತಿಗೆಯನ್ನು ಮಾತ್ರ ಯಾರೂ ಎಳೆಯಲಿಲ್ಲ. ಅದು ಮೊದಲಿನಿಂದಲೂ ಹಾಗೇ ಇತ್ತು.

ನೀವು ಬಿಸಿನೀರು ಹುಯ್ದಿರಿ. ಎಳೆಸಿಕೊಂಡಿದ್ದ ಒಡಲು ತನ್ನ ಹಳೆಯ ರೂಪದ ಕಡೆಗೆ ಹೊರಟಿತು. ಎಳೆಸಿಕೊಳ್ಳದ ಕುತ್ತಿಗೆಗೆ ಹೋಗುವುದೆಲ್ಲಿಗೆ? ಅದು ಕದಲಲಿಲ್ಲ!

ಬಾಟಲಿ ಅರ್ಧ ದಾರಿಯಲ್ಲೇ ನಿಂತುಬಿಡುತ್ತದೆ, ಪೂರ್ತಿ ಪ್ರಿಫಾರ್ಮ್ ಆಗುವುದಿಲ್ಲ. ಆದರೆ ಪೂರ್ತಿ ದಾರಿ ನಡೆದು, ಹುಟ್ಟಿದ ರೂಪಕ್ಕೇ ಹಿಂದಿರುಗುವ ಪ್ಲಾಸ್ಟಿಕ್ಕುಗಳಿವೆ! ವಿಜ್ಞಾನಿಗಳು ಕರೆಯುವುದು ಆಕಾರ ಸ್ಮರಣೆಯ ಪಾಲಿಮರ್ ಎಂದು. ನಾವು ಸುಲಭವಾಗಿ ನೆನಪಿನ ಪ್ಲಾಸ್ಟಿಕ್ ಎನ್ನೋಣ.

ಅಮೆರಿಕದ ದೊಡ್ಡ ಪ್ರಯೋಗಶಾಲೆಯಲ್ಲಿ ಮಾತ್ರ ಇರುವ ವಸ್ತು ಎಂದುಕೊಂಡಿರಾ? ಆಲೂರಿನ ಯಾವ ಮೋಟಾರ್ ರಿವೈಂಡಿಂಗ್ ಅಂಗಡಿಗಾದರೂ ಹೋಗಿ. ಪಂಪ್‌ಸೆಟ್ಟಿನ ಕೇಬಲ್ ಜಾಯಿಂಟ್ ಮಾಡುವುದನ್ನು ನೋಡಿ.

ತಂತಿಗೆ ಒಂದು ಸಡಿಲ ಕರಿ ಸ್ಲೀವ್ ತೂರಿಸುತ್ತಾರೆ. ಎರಡು ತುದಿಗಳನ್ನು ಹೆಣೆದು ಬೆಸುಗೆ ಹಾಕುತ್ತಾರೆ. ಸ್ಲೀವನ್ನು ಜಾಯಿಂಟಿನ ಮೇಲಕ್ಕೆ ಸರಿಸುತ್ತಾರೆ. ಲೈಟರ್ ಹೊತ್ತಿಸಿ ಕೆಳಗಿನಿಂದ ಆಡಿಸುತ್ತಾರೆ. ಸರ್ರನೆ ಸ್ಲೀವ್ ತಂತಿಯನ್ನು ಅಪ್ಪಿಕೊಳ್ಳುತ್ತದೆ! ತಂತಿಯ ಉಬ್ಬು ತಗ್ಗೆಲ್ಲ ಹೊರಗಿನಿಂದಲೇ ಕಾಣುವಷ್ಟು ಬಿಗಿ. ಇನ್ನು ಅದನ್ನು ಉಗುರಿನಿಂದ ಕೀಳಲಾಗದು.

ಅದೇ! ಅದೇ ನೆನಪಿನ ಪ್ಲಾಸ್ಟಿಕ್! ಹೀಟ್ ಶ್ರಿಂಕ್ ಸ್ಲೀವ್.

ಆ ಸ್ಲೀವ್ ಹುಟ್ಟಿದ್ದು ಸಣ್ಣ ಕೊಳವೆಯಾಗಿ. ಕಾರ್ಖಾನೆಯಲ್ಲಿ ಅದರ ಮೇಲೆ ಎಲೆಕ್ಟ್ರಾನುಗಳ ಮಳೆಗರೆದು ಒಳಗಿನ ಎಳೆಗಳನ್ನು ಒಂದಕ್ಕೊಂದು ಶಾಶ್ವತವಾಗಿ ಬೆಸೆದರು. ಆಮೇಲೆ ಬಿಸಿ ಮಾಡಿ, ಎರಡು ಪಟ್ಟು ಅಗಲಕ್ಕೆ ಹಿಗ್ಗಿಸಿ, ತಣ್ಣಗಾಗಿಸಿದರು. ತಾನು ಸಣ್ಣವನಿದ್ದೆ ಎನ್ನುವುದನ್ನು ಅದು ಮರೆತಿಲ್ಲ. ಗೋದಾಮಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಲೈಟರಿನ ಬಿಸಿ ತಾಗಿದ ಕ್ಷಣ ನೆನಪಾಗುತ್ತದೆ!

1957ರಲ್ಲಿ ಪಾಲ್ ಕುಕ್ ಎಂಬ ಅಮೆರಿಕನ್ ಶುರು ಮಾಡಿದ ರೇಕೆಮ್ ಕಂಪನಿ ಈ ವ್ಯಾಪಾರವನ್ನು ಜಗತ್ತಿಗೆಲ್ಲ ಹಬ್ಬಿಸಿತು. ಆದರೆ ಹಿರಿತನ ಅದರದ್ದೂ ಅಲ್ಲ. 1941ರಲ್ಲೇ ಬಿಸಿಗೆ ಹಳೆಯ ರೂಪಕ್ಕೆ ಮರಳುವ ಪ್ಲಾಸ್ಟಿಕ್ಕಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿತ್ತು. ಯಾವ ಕೆಲಸಕ್ಕೆ ಗೊತ್ತೇ? ಹಲ್ಲಿನ ಚಿಕಿತ್ಸೆಗೆ!

ಇನ್ನೂ ಹಿಂದಕ್ಕೆ ಹೋಗೋಣವೇ? ನಿಮ್ಮ ತಲೆ ಮುಟ್ಟಿ ನೋಡಿಕೊಳ್ಳಿ. ಕೂದಲು!

ಗುಂಗುರು ಕೂದಲಿನ ಹುಡುಗಿ ಅಕ್ಕನ ಮದುವೆಗೆಂದು ಸ್ಟ್ರೈಟನರ್ ಹಾಕಿಸಿಕೊಳ್ಳುತ್ತಾಳೆ. ಕೂದಲು ರೇಷ್ಮೆಯಂತೆ ನೆಟ್ಟಗೆ. ಛತ್ರದ ಹೊರಗೆ ಕಾಲಿಟ್ಟಳೋ, ಮಲೆನಾಡಿನ ಜಡಿಮಳೆ! ಹತ್ತು ನಿಮಿಷ. ಗುಂಗುರು ವಾಪಸ್! ಸಾವಿರಾರು ರೂಪಾಯಿ ನೀರುಪಾಲು!

ಕೂದಲು ಕೂಡ ಪಾಲಿಮರ್. ಅದರ ಎಳೆಗಳ ನಡುವೆ ಎರಡು ಬಗೆಯ ಬೆಸುಗೆ. ಒಂದು ಗಂಧಕದ ಗಟ್ಟಿ ಬೆಸುಗೆ, ಅದು ಹುಟ್ಟಿನ ರೂಪವನ್ನು ಕಾಯುತ್ತದೆ. ಇನ್ನೊಂದು ಜಲಜನಕದ ದುರ್ಬಲ ಬೆಸುಗೆ, ಬಿಸಿಗೆ ಬಿಚ್ಚಿ, ಆರಿದಾಗ ಹೊಸ ರೂಪದಲ್ಲಿ ಕೂಡಿಕೊಳ್ಳುತ್ತದೆ. ನೀರು ತಾಗಿತೋ, ಈ ಎರಡನೆಯದು ಕಳಚಿತು. ಮೊದಲನೆಯದು ಗೆದ್ದಿತು!

ಗುಟ್ಟು ಇಷ್ಟೇ. ನೆನಪಿನ ಪ್ಲಾಸ್ಟಿಕ್ಕಿನಲ್ಲೂ ಇದೇ ಜೋಡಿ. ಎಂದಿಗೂ ಬಿಚ್ಚದ ಗಂಟುಗಳು, ಬಿಸಿಗೆ ಬಿಚ್ಚುವ ಬೀಗಗಳು. ಬಿಸಿ ಮಾಡಿದರೆ ಬೀಗ ತೆರೆಯುತ್ತದೆ. ಬೇಕಾದಂತೆ ಎಳೆಯಿರಿ, ಮಡಿಸಿ, ಸುರುಳಿ ಸುತ್ತಿ. ಹಾಗೇ ಹಿಡಿದು ತಣ್ಣಗಾಗಿಸಿ. ಬೀಗ ಬಿತ್ತು! ಇನ್ನು ಅದು ನೀವು ಕೊಟ್ಟ ರೂಪದಲ್ಲೇ ಇರುತ್ತದೆ, ಮತ್ತೆ ಬಿಸಿ ತಾಗುವವರೆಗೆ.

ಸರಿ, ಬೀಗ ತೆರೆದ ಮೇಲೆ ಅದನ್ನು ಹಳೆಯ ರೂಪಕ್ಕೆ ಎಳೆಯುವವರು ಯಾರು? ಒಳಗೆ ಸ್ಪ್ರಿಂಗ್ ಇಲ್ಲ, ಮೋಟಾರ್ ಇಲ್ಲ!

ಒಂದು ರಬ್ಬರ್ ಬ್ಯಾಂಡ್ ಹುಡುಕಿ. ಮೇಲ್ದುಟಿಗೆ ತಾಗಿಸಿಕೊಂಡು ಥಟ್ಟನೆ ಎಳೆಯಿರಿ. ಬೆಚ್ಚಗಾಯಿತಲ್ಲವೇ? ಎಳೆದೇ ಹಿಡಿದು ಒಂದು ಕ್ಷಣ ಬಿಟ್ಟು, ಸಡಿಲಿಸಿ ಮತ್ತೆ ತಾಗಿಸಿ. ತಣ್ಣಗೆ! ನಿಮ್ಮ ತುಟಿ ಈಗ ಉಷ್ಣವಿಜ್ಞಾನದ ಒಂದು ಆಳವಾದ ನಿಯಮವನ್ನು ಮುಟ್ಟಿತು.

ಪಾಲಿಮರ್ ಎಂದರೆ ಉದ್ದುದ್ದ ಎಳೆಗಳು. ಒಂದು ಎಳೆ ನೆಟ್ಟಗೆ ಚಾಚಿಕೊಳ್ಳಲು ಇರುವುದು ಒಂದೇ ದಾರಿ. ಸುಕ್ಕಾಗಿ ಸುರುಳಿಯಾಗಲು? ಕೋಟಿ ಕೋಟಿ ದಾರಿ! ಬಿಸಿಗೆ ಎಳೆಗಳು ಥರಥರ ಅಲುಗುತ್ತಿರುತ್ತವೆ. ಅಲುಗಿದ ಎಳೆ ಕೋಟಿ ದಾರಿ ಇರುವ ಕಡೆಗೇ ಹೋಗುತ್ತದೆ. ಅಷ್ಟೇ! ಆ ಎಳೆತಕ್ಕೆ ಬೇರೆ ಯಾವ ಶಕ್ತಿಯೂ ಬೇಕಿಲ್ಲ. ಬರೀ ಸಾಧ್ಯತೆಗಳ ಲೆಕ್ಕ ಒಂದು ವಸ್ತುವನ್ನು ಎಳೆದು ಕುಗ್ಗಿಸುತ್ತದೆ! ನನಗಂತೂ ಇದನ್ನು ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ.

ಸರಿ, ಈ ನೆನಪಿನಿಂದ ನಮಗೇನು ಉಪಯೋಗ? ತಿಳಿಯಲು ಹಾಸನಕ್ಕೆ ಬನ್ನಿ. ಆಲೂರಿನಿಂದ ಬಸ್ ಹತ್ತಿದರೆ ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹಾಸನ. ಅಲ್ಲಿಂದ ಸಾಲಗಾಮೆ ರಸ್ತೆ. ಆಕಾಶಕ್ಕೆ ಮುಖ ಮಾಡಿ ನಿಂತ ದೈತ್ಯ ಬಿಳಿ ಆಂಟೆನಾಗಳು! ಇಸ್ರೊದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಜನರ ಬಾಯಲ್ಲಿ ಎಂ.ಸಿ.ಎಫ್. 36 ಸಾವಿರ ಕಿಲೋಮೀಟರ್ ಎತ್ತರದಲ್ಲಿರುವ ನಮ್ಮ ಉಪಗ್ರಹಗಳ ಲಗಾಮು ಇರುವುದು ಇಲ್ಲಿ.

1982ರ ಏಪ್ರಿಲ್ 10. ಕೇಂದ್ರ ಇನ್ನೂ ಹೊಚ್ಚಹೊಸದು. ಅಮೆರಿಕದ ಕೇಪ್ ಕ್ಯಾನವೆರಲ್‌ನಿಂದ ಡೆಲ್ಟಾ ರಾಕೆಟ್ ಏರಿತು. ತಲೆಯ ಮೇಲೆ ಇನ್ಸಾಟ್-1ಎ! ಫೋನು, ಟಿವಿ, ಹವಾಮಾನ ಮೂರನ್ನೂ ಒಟ್ಟಿಗೆ ನಿಭಾಯಿಸಬೇಕಿದ್ದ ಉಪಗ್ರಹ. ಏಳು ವರ್ಷ ಬಾಳಬೇಕಿತ್ತು.

ಎಷ್ಟು ದಿನ ಬಾಳಿತು? ಊಹಿಸಿ!

ಮೊದಲು ಆಂಟೆನಾ ಕೈಕೊಟ್ಟಿತು. ಮಡಿಸಿಟ್ಟಿದ್ದ ಸಿ-ಬ್ಯಾಂಡ್ ಆಂಟೆನಾ ಬಿಚ್ಚಿಕೊಳ್ಳಲೇ ಇಲ್ಲ. ಏನೇ ಆದೇಶ ಕಳಿಸಿದರೂ ಜಪ್ಪಯ್ಯ ಅನ್ನಲಿಲ್ಲ. ಕೊನೆಗೆ ಉಪಗ್ರಹದ ದಿಕ್ಕು ತಿದ್ದುವ ಪುಟ್ಟ ಜೆಟ್‌ಗಳನ್ನೇ ಅದರ ಮೇಲೆ ಹಾಯಿಸಿ ಬಿಡಿಸಬೇಕಾಯಿತು. ಭೂಮಿಯಿಂದ 36 ಸಾವಿರ ಕಿಲೋಮೀಟರ್ ದೂರದ ವಸ್ತುವಿಗೆ ಗುದ್ದು ಕೊಟ್ಟು ಬಿಡಿಸಿದ ಹಾಗೆ! ಎಂಥ ಎದೆಗಾರಿಕೆ!

ಆದರೆ ಇನ್ನೊಂದು ಬಾಕಿ ಇತ್ತು. ಸೌರ ಹಾಯಿ. ಅದು ಬಿಚ್ಚಲಿಲ್ಲ. ಕೊನೆಯವರೆಗೂ ಬಿಚ್ಚಲಿಲ್ಲ!

ಹಾಯಿ ಯಾಕೆ? ಉಪಗ್ರಹದ ಒಂದೇ ಪಕ್ಕಕ್ಕೆ ಸೌರ ಫಲಕ ಇತ್ತು. ಇನ್ನೊಂದು ಪಕ್ಕದಲ್ಲಿ ಮೋಡ ನೋಡುವ ಕ್ಯಾಮೆರಾದ ಶೈತ್ಯಕ. ಅದಕ್ಕೆ ತಣ್ಣನೆಯ ಆಕಾಶ ಕಾಣಬೇಕು, ಅಲ್ಲಿ ಫಲಕ ಇಡುವಂತಿಲ್ಲ. ಒಂದೇ ಕಡೆ ಫಲಕ ಇದ್ದರೆ ಬಿಸಿಲು ಆ ಕಡೆಯನ್ನು ಮಾತ್ರ ತಳ್ಳುತ್ತದೆ. ಸರಿದೂಗಿಸಲು ಉದ್ದನೆಯ ಕಂಬದ ತುದಿಗೆ ಹಾಯಿ.

ಬಿಸಿಲು ತಳ್ಳುತ್ತದೆಯೇ! ಹೌದು, ಬೆಳಕಿಗೂ ಒತ್ತಡವಿದೆ. ಎಷ್ಟು? ಒಂದು ಎಕರೆ ಕಾಫಿ ತೋಟವನ್ನು ಅಂತರಿಕ್ಷದಲ್ಲಿ ಸೂರ್ಯನಿಗೆ ಎದುರಾಗಿ ಹರಡಿದಿರಿ ಎನ್ನಿ. ಅಷ್ಟೂ ಬಿಸಿಲನ್ನು ಅದು ಹೀರಿಕೊಂಡರೆ ಬೀಳುವ ಒಟ್ಟು ಒತ್ತಡ... ಇಡೀ ಎಕರೆಗೆ... ಎರಡು ಗ್ರಾಂ ತೂಕದಷ್ಟು! ಅದೂ ಪೂರ್ತಿ ಎರಡಲ್ಲ!

ಅಷ್ಟು ಸಣ್ಣ ತಳ್ಳು. ಆದರೆ ಹಗಲೂ ರಾತ್ರಿ, ಬಿಡುವಿಲ್ಲದ ತಳ್ಳು. ಅದನ್ನು ತಡೆಯಲು ಉಪಗ್ರಹ ತನ್ನ ಇಂಧನ ಸುಡುತ್ತಲೇ ಹೋಗಬೇಕಾಯಿತು. ಸೆಪ್ಟೆಂಬರ್ ಮೊದಲ ವಾರ ಭೂಮಿಯ ಕಡೆಗಿದ್ದ ಅದರ ನೋಟ ತಪ್ಪಿತು. ಸರಿಪಡಿಸುವಷ್ಟರಲ್ಲಿ ಇಂಧನ ಬರಿದು. ಏಳು ವರ್ಷದ ಉಪಗ್ರಹ ಐದು ತಿಂಗಳೊಳಗೆ ಮುಗಿಯಿತು.

ಮುಂದಿನ ವರ್ಷ ಇನ್ಸಾಟ್-1ಬಿ. 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಏರಿತು. ಈ ಸಲ ಏನು ಬಿಚ್ಚಲಿಲ್ಲ ಹೇಳಿ? ಸೌರ ಫಲಕ! ಸೆಪ್ಟೆಂಬರ್ ನಡುವಿನವರೆಗೂ ಸತಾಯಿಸಿ ಆಮೇಲೆ ಬಿಚ್ಚಿತು. ದೇವರು ದೊಡ್ಡವನು. ನಮ್ಮ ಮನೆಗಳಿಗೆ ದೂರದರ್ಶನ ಬಂದದ್ದು ಆ ಉಪಗ್ರಹದ ಪುಣ್ಯದಿಂದ.

ಗಮನಿಸಿದಿರಾ? ರಾಕೆಟ್ ಸಿಡಿಯಲಿಲ್ಲ, ಕಂಪ್ಯೂಟರ್ ಕೆಡಲಿಲ್ಲ. ಮಡಿಸಿದ್ದು ಬಿಚ್ಚಿಕೊಳ್ಳಲಿಲ್ಲ, ಅಷ್ಟೇ! ಕೀಲು, ಸ್ಪ್ರಿಂಗು, ಕೊಂಡಿ. ಇವುಗಳಲ್ಲಿ ಒಂದು ಹಟ ಹಿಡಿದರೆ ಮುಗಿಯಿತು. ಇಂದಿಗೂ ಅದೇ ಭಯ. 2021ರ ಡಿಸೆಂಬರಿನಲ್ಲಿ ಹಾರಿದ ಜೇಮ್ಸ್ ವೆಬ್ ದೂರದರ್ಶಕವನ್ನು ನೆನೆಯಿರಿ. ಒಂದು ಕೆಟ್ಟರೆ ಇಡೀ ಯೋಜನೆಯೇ ಕೆಡಬಹುದಾದ ಜಾಗಗಳು ಅದರಲ್ಲಿ ಎಷ್ಟಿದ್ದವು? 344!

ಕೀಲೇ ಇಲ್ಲದಿದ್ದರೆ? ಸ್ಪ್ರಿಂಗೇ ಇಲ್ಲದಿದ್ದರೆ? ಹಾಯಿಯ ಕಂಬವೇ ತಾನು ನೆಟ್ಟಗಿದ್ದೆ ಎಂದು ನೆನಪಿಟ್ಟುಕೊಂಡಿದ್ದರೆ!

ಈಗ ಗೊತ್ತಾಯಿತಲ್ಲ, ಇಷ್ಟು ಹೊತ್ತು ಬಾಟಲಿ, ಸ್ಲೀವು ಎಂದು ಯಾಕೆ ಕೂಗಾಡುತ್ತಿದ್ದೆ ಎಂದು! ನೆನಪಿನ ಪ್ಲಾಸ್ಟಿಕ್ಕಿನ ಕಂಬ. ಸುತ್ತಿ ಡಬ್ಬಿಯಲ್ಲಿಡಿ. ಮೇಲೆ ಹೋದ ಮೇಲೆ ಬಿಸಿ ಮಾಡಿ. ಮೆಲ್ಲಗೆ, ಧಕ್ಕೆಯಿಲ್ಲದೆ, ತಾನೇ ನೆಟ್ಟಗಾಗುತ್ತದೆ.

ಲೋಹಕ್ಕೂ ಈ ವಿದ್ಯೆ ಗೊತ್ತು. ನಿಕಲ್ ಮತ್ತು ಟೈಟಾನಿಯಂ ಬೆರೆಸಿದ ನಿಟಿನಾಲ್. ಆದರೆ ಅದು ಎಳೆಸಿಕೊಂಡು ಮರಳುವುದು ಸುಮಾರು ಶೇಕಡಾ 8 ಮಾತ್ರ. ಪ್ಲಾಸ್ಟಿಕ್? ಶೇಕಡಾ 100, ಶೇಕಡಾ 200, ಇನ್ನೂ ಮೇಲೆ! ತೂಕದಲ್ಲೂ ಅದು ನಿಟಿನಾಲಿನ ಐದನೇ ಒಂದು ಭಾಗದ ಆಸುಪಾಸು.

ಎಷ್ಟು ತಾಪಕ್ಕೆ ಎಚ್ಚರವಾಗಬೇಕು ಎಂಬುದನ್ನೂ ನಾವೇ ಗೊತ್ತು ಮಾಡಬಹುದು. 2002ರಲ್ಲಿ ಜರ್ಮನಿಯ ಆಂಡ್ರಿಯಾಸ್ ಲೆಂಡ್ಲೈನ್ ಮತ್ತು ಅಮೆರಿಕದ ರಾಬರ್ಟ್ ಲ್ಯಾಂಗರ್ ಒಂದು ಹೊಲಿಗೆ ದಾರ ತೋರಿಸಿದರು. ಗಾಯಕ್ಕೆ ಸಡಿಲವಾಗಿ ಗಂಟು ಹಾಕಿ ಬಿಡಿ. 40 ಡಿಗ್ರಿ ಬಿಸಿ ತಾಗಿತೋ, ಗಂಟು ತಾನೇ ಬಿಗಿಯಿತು! 20 ಸೆಕೆಂಡಿನಲ್ಲಿ! ಆಮೇಲೆ ಆ ದಾರ ಮೈಯೊಳಗೇ ಕರಗಿಹೋಗುತ್ತದೆ. ಬಿಚ್ಚಿಸಿಕೊಳ್ಳಲು ಆಸ್ಪತ್ರೆಗೆ ಮತ್ತೆ ಹೋಗುವ ಕೆಲಸವೂ ಇಲ್ಲ.

ಹಾಗಾದರೆ ಕಥೆ ಮುಗಿಯಿತೇ? ಇಲ್ಲ! ನೆನಪಿನ ಪ್ಲಾಸ್ಟಿಕ್ಕಿಗೆ ಎರಡು ದೊಡ್ಡ ಕೊರತೆ.

ಅದು ಸೋಮಾರಿ. ಹಿಂದಿರುಗುವಾಗ ನಿಟಿನಾಲ್ ಹಾಕುವ ಬಲದ ನೂರನೇ ಒಂದು ಭಾಗದಷ್ಟು ಬಲ ಹಾಕಿದರೆ ಹೆಚ್ಚು. ಎದುರಿಗೆ ಏನಾದರೂ ಅಡ್ಡ ಬಂದರೆ ಸುಮ್ಮನೆ ನಿಂತುಬಿಡುತ್ತದೆ. ಜೊತೆಗೆ ಬಿಸಿ ಅದರೊಳಗೆ ಬೇಗ ಹರಿಯುವುದಿಲ್ಲ. ಹೊರಮೈ ಸುಡುತ್ತಿದ್ದರೂ ಒಳಗೆ ತಣ್ಣಗೆ. ಹೊರಗಿನದು ಎಚ್ಚರ, ಒಳಗಿನದು ನಿದ್ದೆ!

ಈಗ ಬರಲಿ ನಮ್ಮ ನಾಯಕ. ಕಾರ್ಬನ್ ನ್ಯಾನೊ ಕೊಳವೆ!

ಪೆನ್ಸಿಲ್ ಸೀಸದಲ್ಲಿರುವ ಅದೇ ಇಂಗಾಲ. ಅದರ ಒಂದೇ ಒಂದು ಪರಮಾಣು ದಪ್ಪದ ಹಾಳೆಯನ್ನು ಸುತ್ತಿ ಕೊಳವೆ ಮಾಡಿದರೆ ಎಷ್ಟು ಸಣ್ಣದಾಗುತ್ತದೆ? ಒಂದು ಮಿಲಿಮೀಟರ್ ಜಾಗದಲ್ಲಿ ಅಕ್ಕಪಕ್ಕ ಜೋಡಿಸಿದರೆ 10 ಲಕ್ಷ ಕೊಳವೆ ಹಿಡಿಯುತ್ತವೆ! 1991ರಲ್ಲಿ ಜಪಾನಿನ ಸುಮಿಯೊ ಇಜಿಮಾ ಇವುಗಳ ಮೇಲೆ ಜಗತ್ತಿನ ಕಣ್ಣು ಬೀಳುವಂತೆ ಮಾಡಿದರು. ಬಿಗಿತದಲ್ಲಿ ಉಕ್ಕಿನ ಐದು ಪಟ್ಟು! ತೂಕದಲ್ಲಿ ಉಕ್ಕಿಗಿಂತ ಎಷ್ಟೋ ಹಗುರ!

ಒಂದು ಗ್ರಾಂ ತೆಗೆದುಕೊಳ್ಳಿ. ಚಮಚದ ತುದಿಯಲ್ಲಿ ಕರಿ ಮಸಿ. ಅದರಲ್ಲಿರುವ ಅಷ್ಟೂ ಕೊಳವೆಗಳ ಹೊರಮೈಯನ್ನು ಬಿಡಿಸಿ ಹಾಸಿದರೆ ಎಷ್ಟು ಜಾಗ ಬೇಕು? ಒಂದು ಚಾಪೆಯಷ್ಟೇ? ಒಂದು ಕೋಣೆ? ಒಂದು ಮನೆ?

ಲೆಕ್ಕದ ಪ್ರಕಾರ 1,315 ಚದರ ಮೀಟರ್. ಪಹಣಿ ಭಾಷೆಯಲ್ಲಿ ಹೇಳಲೇ? 13 ಗುಂಟೆ! ಒಂದು ಗ್ರಾಂ ಮಸಿಯಲ್ಲಿ 13 ಗುಂಟೆ ಜಮೀನು!

ಇವು ನಮ್ಮ ನಾಡಿಗೆ ಹೊಸತೇನಲ್ಲ. ಬೆಂಗಳೂರಿನಲ್ಲಿ ಸಿ.ಎನ್.ಆರ್. ರಾವ್ ಅವರ ಬಳಗ 2000ದ ಹೊತ್ತಿಗೆ ಇಂಗ್ಲಿಷಿನ ವೈ ಅಕ್ಷರದ ಹಾಗೆ ಕವಲೊಡೆದ ನ್ಯಾನೊ ಕೊಳವೆಗಳನ್ನು ಬೆಳೆಸಿ ತೋರಿಸಿತು. 2003ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ. ಸೂದ್ ಮತ್ತು ಜೊತೆಗಾರರು ಇನ್ನೊಂದು ಮೋಡಿ ಮಾಡಿದರು. ನ್ಯಾನೊ ಕೊಳವೆಗಳ ಕಂತೆಯ ಮೇಲೆ ದ್ರವ ಹರಿಸಿದರು. ವಿದ್ಯುತ್ ಹುಟ್ಟಿತು! ಹರಿಯುವ ನೀರು, ಒಂದು ಚಿಟಿಕೆ ಮಸಿ, ಅಷ್ಟರಲ್ಲೇ ವೋಲ್ಟೇಜು!

ಇನ್ನೂ ಹಿಂದಕ್ಕೆ? 17ನೇ ಶತಮಾನಕ್ಕೆ! 2006ರಲ್ಲಿ ಜರ್ಮನಿಯ ಡ್ರೆಸ್ಡೆನ್‌ನ ಪೀಟರ್ ಪೌಫ್ಲರ್ ಬಳಗ ಹಳೆಯ ಡಮಾಸ್ಕಸ್ ಕತ್ತಿಯೊಂದರ ಚೂರನ್ನು ಆಮ್ಲದಲ್ಲಿ ಕರಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿತು. ಏನು ಕಂಡಿತು ಗೊತ್ತೇ? ಕಾರ್ಬನ್ ನ್ಯಾನೊ ಕೊಳವೆ! ಇಂಥ ಕತ್ತಿಗಳ ಉಕ್ಕು ಹೋಗುತ್ತಿದ್ದದ್ದು ನಮ್ಮ ಕಡೆಯಿಂದಲೇ, ದಕ್ಷಿಣ ಭಾರತದ ಕುಲುಮೆಗಳಿಂದ. ಕಬ್ಬಿಣದ ಜೊತೆ ಮೂಸೆಗೆ ಏನು ಹಾಕುತ್ತಿದ್ದರು? ತಂಗಡಿ ಗಿಡದ ಕಡ್ಡಿ, ಎಕ್ಕದ ಎಲೆ! ಕೊಳವೆ ಹುಟ್ಟಲು ಈ ಸೊಪ್ಪುಸದೆಯೂ ಒಂದು ಕಾರಣವಿರಬಹುದು ಎಂಬುದು ಅವರ ಊಹೆ. ಅರಸೀಕೆರೆ ಕಡೆ ಹೋದಾಗ ರಸ್ತೆ ಪಕ್ಕದ ತಂಗಡಿಯ ಹಳದಿ ಹೂವಿಗೆ ಒಂದು ನಮಸ್ಕಾರ ಹಾಕಿ!

ಮಾತು ಎಲ್ಲಿಗೋ ಹೋಯಿತು. ಈಗ ಬೆರೆಸೋಣ.

ಮಣ್ಣಿನ ಗೋಡೆ ಕಟ್ಟುವಾಗ ನಮ್ಮ ಹಿರಿಯರು ಹುಲ್ಲು ತುಳಿಸುತ್ತಿದ್ದರಲ್ಲ, ಹಾಗೆ ನೆನಪಿನ ಪ್ಲಾಸ್ಟಿಕ್ಕಿಗೆ ನ್ಯಾನೊ ಕೊಳವೆ. ಎಷ್ಟು ಹಾಕಬೇಕು? ಅರ್ಧಕ್ಕರ್ಧವೇ? ಕಾಲು ಭಾಗವೇ?

ನೂರಕ್ಕೆ ಒಂದರಿಂದ ಐದು ಪಾಲು! ಸಾಕು!

2004ರಲ್ಲಿ ಅಮೆರಿಕದ ವಾಯುಪಡೆಯ ಪ್ರಯೋಗಶಾಲೆಯಲ್ಲಿ ಹಿಲ್ಮಾರ್ ಕೋರ್ನರ್, ರಿಚರ್ಡ್ ವಾಯಾ ಮತ್ತು ಗೆಳೆಯರು ಇದನ್ನೇ ಮಾಡಿದರು. ಬಿಸಿಯಾದ ಸ್ಥಿತಿಯಲ್ಲಿ ಪ್ಲಾಸ್ಟಿಕ್ಕಿನ ಬಿಗಿತ 2ರಿಂದ 5 ಪಟ್ಟು ಏರಿತು. ಹಿಂದಿರುಗುವ ಬಲ ಶೇಕಡಾ 50ರವರೆಗೂ ಹೆಚ್ಚಿತು! ಸೋಮಾರಿಗೆ ಮೈಯಲ್ಲಿ ಕಸುವು ಬಂತು!

ಆದರೆ ನಿಜವಾದ ಬೆರಗು ಅದಲ್ಲ. ಅವರು ಆ ಪ್ಲಾಸ್ಟಿಕ್ಕನ್ನು ಮುಟ್ಟಲೇ ಇಲ್ಲ! ಬಿಸಿನೀರಿಲ್ಲ, ಲೈಟರಿಲ್ಲ. ದೂರದಿಂದ ಅವಕೆಂಪು ಬೆಳಕು ಬಿಟ್ಟರು. ಕಣ್ಣಿಗೆ ಕಾಣದ ಬೆಳಕು, ನಿಮ್ಮ ಟಿವಿ ರಿಮೋಟ್ ಬಿಡುತ್ತದಲ್ಲ, ಆ ಜಾತಿಯದು. ಒಳಗಿದ್ದ ಕರಿ ಕೊಳವೆಗಳು ಅದನ್ನು ಗಬಗಬನೆ ನುಂಗಿ ಬಿಸಿಯಾದವು. ಪ್ಲಾಸ್ಟಿಕ್ ಒಳಗಿನಿಂದಲೇ ಎಚ್ಚರವಾಯಿತು! ಬೀಗ ಬಿಚ್ಚಿತು, ಹಳೆಯ ರೂಪಕ್ಕೆ ಹೊರಟಿತು!

ಇನ್ನೊಂದು ದಾರಿಯೂ ಇದೆ. ಕರೆಂಟು! ಪ್ಲಾಸ್ಟಿಕ್ಕಿಗೂ ಕರೆಂಟಿಗೂ ಎಣ್ಣೆ ಸೀಗೆಕಾಯಿ. ಅದಕ್ಕೇ ತಾನೇ ವೈರಿಗೆ ಅದನ್ನು ಹೊದಿಸುವುದು? ಆದರೆ ಉದ್ದನೆಯ ಕೊಳವೆಗಳು ಒಂದಕ್ಕೊಂದು ತಾಗಿಕೊಂಡು ಒಳಗೆಲ್ಲ ಜಾಲ ಹೆಣೆದುಬಿಡುತ್ತವೆ. ವಿದ್ಯುತ್ ಆ ಜಾಲದ ಮೇಲೆ ಓಡುತ್ತದೆ. 2005ರಲ್ಲಿ ಕೊರಿಯದ ವಿಜ್ಞಾನಿಗಳು ಶೇಕಡಾ 5ರಷ್ಟು ಕೊಳವೆ ಬೆರೆಸಿದ ಪಾಲಿಯುರೆಥೇನ್ ಪಟ್ಟಿಗೆ 40 ವೋಲ್ಟ್ ಕೊಟ್ಟರು. 10 ಸೆಕೆಂಡಿನ ಆಸುಪಾಸಿನಲ್ಲಿ ಬಾಗಿದ್ದ ಪಟ್ಟಿ ತನ್ನ ಹುಟ್ಟುರೂಪಕ್ಕೆ! ಸ್ವಿಚ್ ಒತ್ತಿದರೆ ನೆನಪಾಗುವ ವಸ್ತು!

ಯೋಚಿಸಿ ನೋಡಿ. ಇದರಲ್ಲಿ ಯಂತ್ರ ಎಲ್ಲಿದೆ? ಎಲ್ಲಿಯೂ ಇಲ್ಲ. ವಸ್ತುವೇ ಯಂತ್ರ! ಅದೇ ಕಂಬ, ಅದೇ ಕೀಲು, ಅದೇ ಮೋಟಾರು, ಅದೇ ಹೀಟರು!

ಮೇಲೆ ಹಾರಿಸಿ ನೋಡಿದವರು ಯಾರಾದರೂ ಇದ್ದಾರೆಯೇ? ಇದ್ದಾರೆ! 2019ರ ಡಿಸೆಂಬರ್ 27ರಂದು ಚೀನಾದ ಶಿಜಿಯಾನ್-20 ಉಪಗ್ರಹ ಏರಿತು. ಜೊತೆಗೆ ಹಾರ್ಬಿನ್ ನಗರದ ವಿಜ್ಞಾನಿಗಳು ಮಾಡಿದ, ಸುರುಳಿ ಸುತ್ತಿದ ಒಂದು ಸೌರ ಫಲಕ. ನಾರು ಸೇರಿಸಿ ಗಟ್ಟಿ ಮಾಡಿದ ನೆನಪಿನ ಪ್ಲಾಸ್ಟಿಕ್ಕಿನ ತೋಳುಗಳು ಅದಕ್ಕೆ. 2020ರ ಜನವರಿ. ಬಿಸಿ ಕೊಟ್ಟರು. ಬೀಗ ಬಿಚ್ಚಿತು. ಫಲಕ ಚಾಚಿಕೊಂಡಿತು! ಎಷ್ಟು ಎತ್ತರದಲ್ಲಿ? ಅದೇ 36 ಸಾವಿರ ಕಿಲೋಮೀಟರ್! ಇನ್ಸಾಟ್-1ಎ ತನ್ನ ಹಾಯಿ ಬಿಚ್ಚಲಾಗದೆ ಸೋತ ಅದೇ ಎತ್ತರ!

2021ರ ಮೇ ತಿಂಗಳಲ್ಲಿ ಚೀನಾದ ತಿಯಾನ್ವೆನ್-1 ನೌಕೆ ಮಂಗಳ ಗ್ರಹಕ್ಕೆ ಇಳಿಯಿತಲ್ಲ? ಅಲ್ಲಿ ಧ್ವಜ ಬಿಚ್ಚಿದ್ದೂ ಇದೇ ಜಾತಿಯ ವಸ್ತು. ಮಂಗಳನಲ್ಲಿ ನೆನಪಾದ ಪ್ಲಾಸ್ಟಿಕ್!

ಉತ್ಸಾಹದಲ್ಲಿ ತೊಡಕನ್ನು ಮುಚ್ಚಿಡುವುದು ಸರಿಯಲ್ಲ. ನ್ಯಾನೊ ಕೊಳವೆಗಳಿಗೆ ಒಂದನ್ನೊಂದು ಬಿಟ್ಟಿರಲಾಗದ ಚಾಳಿ. ಬೆರೆಸಿದಷ್ಟೂ ಮುದ್ದೆಗಟ್ಟುತ್ತವೆ. ಮುದ್ದೆಯಾದ ಕಡೆ ಬಲ ಬರುವ ಬದಲು ಬಿರುಕು ಬರುತ್ತದೆ. ಅದಕ್ಕೆ ಕಿವಿಗೆ ಕೇಳದ ಶಬ್ದದ ಅಲೆಗಳಿಂದ ಅಲುಗಿಸುತ್ತಾರೆ, ಕೊಳವೆಗಳ ಮೈಗೆ ರಾಸಾಯನಿಕ ಲೇಪಿಸುತ್ತಾರೆ. ಜಾಸ್ತಿ ಅಲುಗಿಸಿದರೆ ಕೊಳವೆಯೇ ತುಂಡು! ಇನ್ನೊಂದು, ಉದ್ದನೆಯ ಬಿರುಸಾದ ನ್ಯಾನೊ ಕೊಳವೆಗಳು ಇಲಿಗಳ ಮೈಯಲ್ಲಿ ಆಸ್ಬೆಸ್ಟಾಸಿನಂತೆ ವರ್ತಿಸಿದ್ದನ್ನು 2008ರಲ್ಲೇ ಕಂಡಿದ್ದಾರೆ. ಪ್ಲಾಸ್ಟಿಕ್ಕಿನೊಳಗೆ ಸಿಕ್ಕಿಕೊಂಡ ಕೊಳವೆಗಿಂತ ಗಾಳಿಯಲ್ಲಿ ಹಾರುವ ಪುಡಿಯೇ ಅಪಾಯ. ಹಾಗಾಗಿ ಕಾಲೇಜು ಪ್ರಾಜೆಕ್ಟಿಗೆಂದು ಆನ್‌ಲೈನಿನಲ್ಲಿ ಪುಡಿ ತರಿಸಿ ಬರಿಗೈಯಲ್ಲಿ ಕಲಸುವ ಸಾಹಸ ಬೇಡ!

ಆದರೂ ನನ್ನ ತೀರ್ಪು ಇದು. ಕೀಲು ಹಾಕಿ ಎಣ್ಣೆ ಬಿಡುವ ಕಾಲದ ಎದುರಿಗೆ ಇನ್ನೊಂದು ಕಾಲ ಬಂದು ನಿಂತಿದೆ. ಅದನ್ನು ಕಟ್ಟುವವರು ಈಗ ಯಾವುದೋ ಹೈಸ್ಕೂಲಿನ ಬೆಂಚಿನ ಮೇಲೆ ಕೂತಿದ್ದಾರೆ. ಆಲೂರಿನಲ್ಲೋ, ಕೆಂಚಮ್ಮನ ಹೊಸಕೋಟೆಯಲ್ಲೋ, ಪಾಳ್ಯದಲ್ಲೋ!

ಹಾಗಾಗಿ ವಿಜ್ಞಾನದ ಮೇಷ್ಟ್ರೇ, ಮೇಡಂ, ನಿಮ್ಮಲ್ಲೊಂದು ಕೋರಿಕೆ. ಬರುವ ಫೆಬ್ರವರಿ 28ರ ವಿಜ್ಞಾನ ದಿನಕ್ಕೆ ಎಲೆಕ್ಟ್ರಿಕಲ್ ಅಂಗಡಿಯಿಂದ ಒಂದು ಮೀಟರ್ ಹೀಟ್ ಶ್ರಿಂಕ್ ಸ್ಲೀವ್ ತನ್ನಿ. ಚಾರ್ಟು, ಥರ್ಮಾಕೋಲ್ ಒಂದು ವರ್ಷ ಬದಿಗಿರಲಿ. ಗೇಣುದ್ದ ಕತ್ತರಿಸಿ ಪೆನ್ಸಿಲ್ಲಿಗೆ ತೂರಿಸಿ. ಬಿಸಿ ಮಾಡಿದರೆ ಏನಾಗುತ್ತದೆ ಎಂದು ಮಕ್ಕಳನ್ನು ಕೇಳಿ, ಉತ್ತರಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಆಮೇಲೆ ಕಿಟಕಿ ತೆರೆದಿಟ್ಟು, ನಿಮ್ಮ ಕೈಯಿಂದಲೇ ಮೋಂಬತ್ತಿ ಹಿಡಿಯಿರಿ. ಸ್ಲೀವ್ ಅಗಲದಲ್ಲಿ ಕುಗ್ಗಿ ಪೆನ್ಸಿಲ್ಲನ್ನು ಅಪ್ಪಿಕೊಳ್ಳುತ್ತದೆ, ಉದ್ದದಲ್ಲಿ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಯಾಕೆ ಎಂದು ಒಬ್ಬ ಹುಡುಗಿಯಾದರೂ ಕೇಳಿಯೇ ಕೇಳುತ್ತಾಳೆ. ಉತ್ತರ ಹೇಳಲು ಅವಸರ ಮಾಡಬೇಡಿ!